ಬಿಸಿಲನ್ನು ಕೂಡಿಡುವ ವಿದ್ಯೆ

ಪ್ರಕೃತಿ ಉದಾರಿ, ಆದರೆ ಅವಳ ಔದಾರ್ಯ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಲೆನಾಡಿನ ಹಲಸಿನ ಮರ ಬುಡದಿಂದ ಕೊಂಬೆಯವರೆಗೆ ಕಾಯಿ ಹೊತ್ತು ನಿಲ್ಲುತ್ತದೆ. ಕಾಡುಮಾವಿನ ಹಣ್ಣು ತಿನ್ನುವವರಿಲ್ಲದೆ ಮರದಡಿಯಲ್ಲಿ ಉದುರಿ ಕೊಳೆಯುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಅದೇ ಊರಿನಲ್ಲಿ ತರಕಾರಿಗೆ ಬಡತನ. ಹಿತ್ತಲಿನ ಬಳ್ಳಿ ಕೊಳೆತುಹೋಗಿರುತ್ತದೆ, ಪೇಟೆಯ ದಾರಿ ಕೆಸರಾಗಿರುತ್ತದೆ. ಒಂದು ಋತುವಿನ ಸಮೃದ್ಧಿಯನ್ನು ಮತ್ತೊಂದು ಋತುವಿನ ಕೊರತೆಗೆ ಒದಗಿಸುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೇ ಬಿಸಿಲು.

ಆ ಉತ್ತರ ಎಷ್ಟೊಂದು ರೂಪಗಳನ್ನು ತಾಳಿತು! ಬೇಯಿಸಿ ರುಬ್ಬಿದ ಹಲಸಿನ ತೊಳೆ ಹಪ್ಪಳವಾಯಿತು. ಚಾಪೆಯ ಮೇಲೆ ದಿನಕ್ಕೊಂದು ಪದರದಂತೆ ಹರಡಿದ ಮಾವಿನ ರಸ ಮಾಂಬಳವಾಯಿತು. ಉಪ್ಪುಮಜ್ಜಿಗೆಯಲ್ಲಿ ನೆನೆದು ಬಿಸಿಲು ಕಂಡ ಹಸಿಮೆಣಸು ಬಾಳಕವೆನಿಸಿತು. ಉತ್ತರ ಕನ್ನಡದ ಬಾಳೆಹಣ್ಣು ಸುಕೇಳಿಯಾಗಿ ಜೇನಿನ ಬಣ್ಣ ತಳೆಯಿತು. ಕರಾವಳಿಯ ಮುರುಗಲ ಸಿಪ್ಪೆ ಒಣಗಿ ವರ್ಷದ ಸಾರಿಗೆ ಹುಳಿಯಾಯಿತು. ಬಯಲುಸೀಮೆಯ ಮನೆಗಳಲ್ಲಿ ಗೋರಿಕಾಯಿ, ಹಾಗಲಕಾಯಿ, ಬೂದುಗುಂಬಳಗಳು ಬಾಳಕವಾಗಿಯೋ ಸಂಡಿಗೆಯಾಗಿಯೋ ಡಬ್ಬಿ ಸೇರಿದವು. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ದೇಶದಲ್ಲೆಲ್ಲ ಹೆಸರು ತಂದ ಮೆಣಸಿನಕಾಯಿ ಕೂಡ ಹಸಿಯದಲ್ಲ. ಬಿಸಿಲಿನಲ್ಲಿ ಸುಕ್ಕುಗಟ್ಟಿ ಕೆಂಪೇರಿದ ಒಣಮೆಣಸಿನಕಾಯಿ.

ಇಂದು ಈ ಕೆಲಸ ಅನೇಕ ಮನೆಗಳಿಂದ ಮರೆಯಾಗುತ್ತಿದೆ. ರೆಫ್ರಿಜರೇಟರು ಇರುವಾಗ ಒಣಗಿಸುವ ಗೊಡವೆ ಏಕೆ, ಹಪ್ಪಳ ಅಂಗಡಿಯಲ್ಲಿಯೇ ದೊರೆಯುವಾಗ ಕಾಗೆ ಕಾಯುವ ಶ್ರಮವೇಕೆ, ಎಂದು ಕೇಳುವವರುಂಟು. ಒಣಗಿಸುವುದೆಂದರೆ ಬಡತನದ ಕಾಲದ ಉಪಾಯ, ಬಿಡುವಿದ್ದ ಅಜ್ಜಿಯರ ಹವ್ಯಾಸ ಎಂಬ ಭಾವನೆ ಅವರದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಒಣಗಿಸುವುದು ಕೇವಲ ಮಿತವ್ಯಯವಲ್ಲ, ಅದೊಂದು ವಿದ್ಯೆ. ವಿದ್ಯೆಯೆಂದು ನಾವು ಗೌರವಿಸದಿದ್ದರೆ ಅದು ಬಲ್ಲವರೊಡನೆಯೇ ಕಣ್ಮರೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿದ್ಯೆಯ ತಿರುಳೇನು? ಆಹಾರವನ್ನು ಕೆಡಿಸುವ ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಬದುಕಲು ನೀರು ಬೇಕು. ಹಣ್ಣು ತರಕಾರಿಗಳಲ್ಲಿ ಇರುವುದು ಬಹುಮಟ್ಟಿಗೆ ನೀರೇ. ಟೊಮೇಟೊದಲ್ಲಿ ಅದು ಶೇಕಡ 90ಕ್ಕೂ ಹೆಚ್ಚು. ಆ ನೀರನ್ನು ಹೊರಗೆ ಕಳುಹಿಸಿದರೆ ಹತ್ತು ಕಿಲೋಗ್ರಾಂ ಹಣ್ಣು ಒಂದು ಕಿಲೋಗ್ರಾಂಗಿಂತ ಕಡಿಮೆಯಾಗಿ ಡಬ್ಬಿಯಲ್ಲಿ ಅಡಗುತ್ತದೆ. ಹೇಳುವುದಕ್ಕೆ ಇಷ್ಟೇ, ಮಾಡುವುದಕ್ಕೆ ವಿವೇಚನೆ ಬೇಕು. ಹೋಳುಗಳು ತೆಳುವಾಗಿಯೂ ಸಮನಾಗಿಯೂ ಇರಬೇಕು. ಮೊದಲಿಗೇ ಶಾಖ ಅತಿಯಾದರೆ ಹೊರಮೈ ಗಟ್ಟಿಯಾಗಿ ಒಳಗಿನ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ನೋಡಲು ಒಣಗಿದಂತಿದ್ದರೂ ಅದು ಬೂಷ್ಟು ಹಿಡಿಯುತ್ತದೆ. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವುದಕ್ಕೆ ಅದರೊಳಗಿನ ಕಿಣ್ವಗಳು ಕಾರಣ. ಅನೇಕ ತರಕಾರಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದರೆ ಆ ಕಿಣ್ವಗಳು ಸೋಲುತ್ತವೆ. ಕಿಣ್ವವೆಂಬ ಮಾತನ್ನು ಕೇಳದ ತಾಯಂದಿರೂ ಗೋರಿಕಾಯಿಯನ್ನು ಒಂದು ಕುದಿ ಬೇಯಿಸಿಯೇ ಬಿಸಿಲಿಗೆ ಹಾಕುತ್ತಿದ್ದರು. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಂಥ ಸಂಸ್ಥೆಗಳು ಶಾಸ್ತ್ರೀಯವಾಗಿ ಅಭ್ಯಸಿಸುವ ವಿಷಯವೂ ಅಂಗಳದ ಈ ಅನುಭವವೂ ಬೇರೆಬೇರೆಯಲ್ಲ.

ಹಾಗೆಂದು ಹಳೆಯದೆಲ್ಲವನ್ನೂ ಕಣ್ಣುಮುಚ್ಚಿ ಹೊಗಳುವುದೂ ತರವಲ್ಲ. ತೆರೆದ ಅಂಗಳದಲ್ಲಿ ಧೂಳು, ನೊಣಗಳ ಕಾಟವುಂಟು. ಬಿಸಿಲಿಗೆ ಸಿ ಜೀವಸತ್ವ ಬಹುಪಾಲು ನಾಶವಾಗುತ್ತದೆ; ಸೊಪ್ಪಿನ ಬಣ್ಣವೂ ಸತ್ವವೂ ಕುಂದುತ್ತವೆ. ಉಪ್ಪು ಮಿತಿಮೀರಿದರೆ ರಕ್ತದೊತ್ತಡದವರಿಗೆ ಕೆಡುಕು. ಆದರೆ ಈ ದೋಷಗಳಿಗೆ ಪರಿಹಾರವಿಲ್ಲವೆಂದಲ್ಲ. ಸೊಪ್ಪನ್ನು ನೆರಳಿನಲ್ಲಿ ಒಣಗಿಸಬಹುದು. ಕಪ್ಪು ಬಳಿದ ತಳ, ಗಾಜಿನ ಮುಚ್ಚಳ, ಗಾಳಿಯಾಡಲು ಬಲೆ ಹೊಡೆದ ಕಿಂಡಿ, ಇಷ್ಟಿರುವ ಒಂದು ಪೆಟ್ಟಿಗೆ ಧೂಳು ನೊಣಗಳನ್ನು ದೂರವಿಟ್ಟು ಬೇಗನೆ ಒಣಗಿಸುತ್ತದೆ. ಒಣಗಿದ್ದನ್ನು ಕೆಲವು ದಿನ ಗಾಜಿನ ಭರಣಿಯಲ್ಲಿಟ್ಟು ನೋಡಿ, ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ಬಿಸಿಲಿಗೆ ಹಾಕಿದರಾಯಿತು.

ಇದಕ್ಕಿಂತ ದೊಡ್ಡ ದೋಷ ಬೇರೊಂದಿದೆ. ಈ ಕೆಲಸದ ಭಾರವನ್ನೆಲ್ಲ ನಾವು ಮನೆಯ ಹೆಂಗಸರ ಮೇಲೆಯೇ ಹೊರಿಸಿದೆವು. ಅಂಟು ಮೆತ್ತಿದ ಕೈಗಳಿಂದ ಹಲಸು ಬಿಡಿಸಿದವರು, ನಡುಬಗ್ಗಿಸಿ ಹಪ್ಪಳ ಒತ್ತಿದವರು, ಮೋಡ ಕಂಡೊಡನೆ ಓಡಿಹೋಗಿ ಚಾಪೆ ಎತ್ತಿದವರು ಅವರೇ. ತಿನ್ನುವಾಗ ಮಾತ್ರ ಎಲ್ಲರೂ ಪಾಲುದಾರರು. ಇಂಥ ದುಡಿಮೆಯನ್ನು ಮಗಳೋ ಸೊಸೆಯೋ ಮುಂದುವರಿಸಲೊಪ್ಪದಿದ್ದರೆ ಅವರನ್ನು ದೂರುವುದು ನ್ಯಾಯವಲ್ಲ. ವಿದ್ಯೆ ಉಳಿಯಬೇಕಾದರೆ ದುಡಿಮೆ ಹಂಚಿಕೆಯಾಗಬೇಕು.

ಮನೆಯ ಈ ವಿದ್ಯೆಗೆ ಊರಿನ ಬದುಕಿನೊಡನೆಯೂ ಸಂಬಂಧವಿದೆ. ಟೊಮೇಟೊಗೆ ಹೆಸರಾದ ಕೋಲಾರದ ಸೀಮೆಯಲ್ಲಿ ಬೆಲೆ ಕುಸಿದಾಗ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದುಂಟು. 2023ರ ಜುಲೈ ತಿಂಗಳಲ್ಲಿ ಅದೇ ಹಣ್ಣಿನ ಬೆಲೆ ಕಿಲೋಗ್ರಾಂಗೆ ನೂರು ರೂಪಾಯಿಗಳನ್ನು ದಾಟಿತು. ಮನೆಗಳಲ್ಲಿ ಒಣಗಿಸಿದ ಮಾತ್ರಕ್ಕೆ ರೈತನ ಕಷ್ಟ ನೀಗೀತೆಂದು ಹೇಳುವುದು ಉತ್ಪ್ರೇಕ್ಷೆ. ಆದರೂ ವಿದ್ಯೆ ಕೈಯಲ್ಲಿದ್ದವರಿಗೆ ಆಪತ್ತಿನಲ್ಲಿ ಒಂದು ದಾರಿಯಾದರೂ ತೋರುತ್ತದೆ. 2021ರಲ್ಲಿ ಬಾಳೆಗೊನೆ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ, ಪುತ್ತೂರಿನ ‘ಅಡಿಕೆ ಪತ್ರಿಕೆ’ ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡಿರೆಂದು ಪ್ರೇರಿಸಿತು. ‘ಬಾಕಾಹು’ ಎಂಬ ಚಿಕ್ಕ ಹೆಸರಿನ ಆ ಬಾಳೆಕಾಯಿ ಹುಡಿಯನ್ನು ಉತ್ತರ ಕನ್ನಡ, ತುಮಕೂರು ಮೊದಲಾದ ಕಡೆಗಳ ಗೃಹಿಣಿಯರು ತಯಾರಿಸಿ, ದೋಸೆ, ರೊಟ್ಟಿ, ಸಿಹಿತಿಂಡಿಗಳನ್ನು ಮಾಡಿ ತೋರಿಸಿದರು. ಕೊಳೆಯಬೇಕಾಗಿದ್ದ ಕಾಯಿ ಹೀಗೆ ಊಟದ ತಟ್ಟೆಗೆ ಬಂದಿತು.

ಆದುದರಿಂದ ಈ ವಿದ್ಯೆಯನ್ನು ಅಜ್ಜಿಯರ ಪಾಡಿಗೆ ಬಿಡದಿರೋಣ. ಬೇಸಗೆಯ ರಜೆಯಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅವರ ಪಕ್ಕದಲ್ಲಿ ಕುಳಿತು, ಯಾವ ಕಾಯಿಗೆ ಎಷ್ಟು ಉಪ್ಪು, ಎಷ್ಟು ದಿನದ ಬಿಸಿಲು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಬರೆದುದನ್ನು ಒಂದು ಬಾರಿ ಕೈಯಾರೆ ಮಾಡಿ ನೋಡಲಿ. ಬಿಸಿಲಿಗೆ ಬೆಲೆ ತೆರಬೇಕಾಗಿಲ್ಲ. ಅದನ್ನು ಕೂಡಿಡಬಲ್ಲ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.