ಮೂರು ಬಾಯಿಯ ಇಂಜಿನ್‌ಗೆ ನಾಲ್ಕು ಪೈಪು

ಶನಿವಾರ ರಾತ್ರಿ ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಲ್ಲಿ ಹಳೇ ಅಂಬಾಸಿಡರ್ ಒಂದು ಗುಡುಗಿಕೊಂಡು ಹೋದರೆ ಎಲ್ಲರೂ ಮೊಬೈಲ್ ತೆಗೀತಾರೆ. ನನಗೆ ಅದರ ಬಾನೆಟ್ ಎತ್ತಿ ನೋಡಬೇಕು ಅನ್ಸುತ್ತೆ. ಕಂಪನಿ ಕೊಟ್ಟ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಕಿತ್ತು, ಫಳಫಳ ಹೊಳೆಯೋ ಸ್ಟೀಲ್ ಹೆಡರ್ ಕೂರಿಸಿರ್ತಾರೆ. ಕೇಳಿದರೆ "ಪವರ್ ಬಂತು ಗುರು" ಅಂತಾರೆ. ಬಂದಿದ್ದು ಪವರ್ ಅಲ್ಲ, ಸದ್ದು. ಎರಡೂ ಒಂದೇ ಅಂತ ಮಾರೋ ಅಂಗಡಿಯವರ ಮೇಲೂ, ನಂಬಿ ಸಂಬಳ ಸುರಿಯೋ ನಮ್ಮ ಸಾಫ್ಟ್‌ವೇರ್ ಮಂದಿ ಮೇಲೂ ನನ್ನ ತಕರಾರಿದೆ.

ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ 'ಬಿ ಸೀರೀಸ್' ಕುಲದ್ದು. ಎಂಜಿ ಸ್ಪೋರ್ಟ್ಸ್ ಕಾರುಗಳಿಗೆ ದಾಯಾದಿ. ಸಾಲಾಗಿ ನಾಲ್ಕು ಸಿಲಿಂಡರ್, ಆದರೆ ಹೊಗೆ ಹೊರಬರುವ ಬಾಯಿ ಮೂರೇ. ತುದಿಯ ಎರಡಕ್ಕೆ ಒಂದೊಂದು, ನಡುವಿನ ಎರಡಕ್ಕೂ ಸೇರಿ ಒಂದು. "ನಾಲ್ಕು ಪೈಪಿನ ಹೆಡರ್ ಹಾಕ್ಕೊಡ್ತೀನಿ ಸಾರ್" ಅಂದವನಿಗೆ ಕೈಮುಗಿದು ಎದ್ದು ಬನ್ನಿ. ಅವನು ಇಂಜಿನ್ ನೋಡಿಲ್ಲ, ಇನ್‌ಸ್ಟಾಗ್ರಾಂ ನೋಡಿದ್ದಾನೆ.

ಇದರಲ್ಲಿ ಸಿಲಿಂಡರ್‌ಗಳು ಉರಿಯೋ ಸರದಿ 1-3-4-2. ಒಂದಕ್ಕೂ ನಾಲ್ಕಕ್ಕೂ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ಅಂತರ. ಎರಡಕ್ಕೂ ಮೂರಕ್ಕೂ ಅಷ್ಟೇ. ಹಾಗಾಗಿ ಹೊರಗಿನ ಎರಡು ಪೈಪು ಮೊದಲು ಒಂದಾಗಬೇಕು, ನಡುವಿನದು ಒಂಟಿಯಾಗಿ ಉದ್ದಕ್ಕೆ ಇಳಿದು ಕೆಳಗೆ ಕೂಡಬೇಕು. ಆಗ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರಲ್ಲ, ಮುಂದೆ ನುಗ್ಗಿದ್ದು ಹಿಂದಿನದನ್ನೂ ಎಳೆದುಕೊಂಡು ಹೋಗುತ್ತೆ. ಈ ಎಳೆತ ಹುಟ್ಟೋದೇ ಹೊಗೆಯ ವೇಗದಿಂದ. ಪೈಪು ಅಗಲ ಆದಷ್ಟೂ ವೇಗ ಕಮ್ಮಿ. ಐವತ್ತರ ಆಸುಪಾಸಿನ ಹಾರ್ಸ್‌ಪವರ್‌ಗೆ ಒಂದೂವರೆ ಇಂಚಿನ ಪೈಪು ಧಾರಾಳ. ಎರಡಿಂಚಿನದು ಹಾಕಿಸೋದು ಹಲಸೂರಿನ ಓಣಿಗಳಲ್ಲಿ ಮಲಗಿದ ಕೂಸುಗಳನ್ನು ಎಬ್ಬಿಸೋಕೆ ಮಾತ್ರ.

ಇನ್ನು ನಾವು ಓಡಿಸೋದಾದರೂ ಎಲ್ಲಿ? ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ಮುಟ್ಟೋ ಹೊತ್ತಿಗೆ ನಿಮ್ಮ ಇಂಜಿನ್ ಎಷ್ಟು ಸಲ 3000 ಸುತ್ತು ದಾಟುತ್ತೆ, ಹೇಳಿ ನೋಡೋಣ. ಹೆಡರ್ ತನ್ನ ಗುಣ ತೋರಿಸೋದು ಅದರಿಂದಾಚೆಗೆ. ಸಿಗ್ನಲ್‌ನಲ್ಲಿ ಅದು ಕೊಡೋದು ಬರೀ ಕಾವು. ಈ ಇಂಜಿನ್‌ನಲ್ಲಿ ಕಾರ್ಬುರೇಟರ್, ಹೊಗೆಯ ಪೈಪು ಎರಡೂ ಒಂದೇ ಪಕ್ಕದಲ್ಲಿವೆ. ತೆಳು ಸ್ಟೀಲಿನ ಕಾವೆಲ್ಲ ನೇರ ಮೇಲಕ್ಕೆ ಹೊಡೆದು, ಏಪ್ರಿಲ್ ಮಧ್ಯಾಹ್ನ ಕಾರ್ಬುರೇಟರ್‌ನೊಳಗೇ ಪೆಟ್ರೋಲ್ ಕುದಿಯುತ್ತೆ. ಗಾಡಿ ನಿಂತುಬಿಡುತ್ತೆ, ಹಿಂದಿನ ಬಿಎಂಟಿಸಿ ಡ್ರೈವರಣ್ಣ ಹಾರ್ನ್ ಮೇಲಿಂದ ಕೈ ತೆಗೆಯಲ್ಲ. ನಡುವೆ ಒಂದು ತಗಡು ಅಡ್ಡ ಹಾಕಿಸಿ. ಕಾವು ತಡೆಯೋ ಪಟ್ಟಿ ಸುತ್ತಿಸಿದರೆ ಸಾಕು ಅನ್ನೋರಿದ್ದಾರೆ. ಅದು ಮಳೆನೀರು ಹೀರಿಕೊಂಡು ಮೈಲ್ಡ್ ಸ್ಟೀಲ್ ಪೈಪಿಗೆ ತುಕ್ಕು ಹಿಡಿಸುತ್ತೆ.

ಹಾಗಾದ್ರೆ ಹೆಡರ್ ಹಾಕಲೇಬಾರದಾ? ಬೀಡು ಬಿರುಕು ಬಿಟ್ಟಿದ್ದರೆ, ಬೆಸುಗೆ ನಿಲ್ಲದಿದ್ದರೆ, ಶಿವಾಜಿನಗರದ ಗುಜರಿಯಲ್ಲೆಲ್ಲ ತಡಕಿದರೂ ಇನ್ನೊಂದು ಸಿಗದಿದ್ದರೆ ಖಂಡಿತ ಹಾಕಿ. ಹೆದ್ದಾರಿಯಲ್ಲೇ ಹೆಚ್ಚು ಓಡಿಸೋರೂ ಹಾಕಿ. ಆದರೆ ಕೊಳ್ಳುವಾಗ ಹೊಳಪು ನೋಡಬೇಡಿ, ಫ್ಲ್ಯಾಂಜಿನ ದಪ್ಪ ಅಳೆಯಿರಿ. ಪೆಟ್ರೋಲ್ ಒಳಗೆ ಹೋಗೋ ಮ್ಯಾನಿಫೋಲ್ಡನ್ನೂ ಹೊಗೆ ಹೊರಬರೋ ಮ್ಯಾನಿಫೋಲ್ಡನ್ನೂ ಒಂದೇ ಸ್ಟಡ್ಡು, ಒಂದೇ ಅಗಲದ ವಾಷರು ಒತ್ತಿ ಹಿಡಿದಿರ್ತವೆ. ಒಂದು ದಪ್ಪ ಇನ್ನೊಂದು ತೆಳು ಆಯ್ತೋ, ತೆಳು ಇರೋ ಕಡೆ ಗಾಳಿ ಸೋರಿ ಇಂಜಿನ್ ಕುಂಟುತ್ತೆ. ಆಮೇಲೆ ಕಾರ್ಬುರೇಟರ್ ಮೇಲೆ ಗೂಬೆ ಕೂರಿಸಿ ತಿಂಗಳುಗಟ್ಟಲೆ ಟ್ಯೂನಿಂಗ್ ಮಾಡಿಸ್ತಾ ಇರ್ತೀರಿ. ಸಾವಿರಾರು ರೂಪಾಯಿ ಬಿಲ್ ಹಾಕೋ ಏಸಿ ಶೋರೂಮಿನವರು ಈ ಅಳತೆ ತೆಗೆದಿದ್ದನ್ನ ನಾನಂತೂ ಕಂಡಿಲ್ಲ.

ಸ್ಟಡ್‌ಗಳಿಗೆ ಎರಡು ದಿನ ಮೊದಲೇ ಎಣ್ಣೆ ಬಿಡಿ, ಇಲ್ಲಾಂದ್ರೆ ತಲೆ ಮುರಿಯುತ್ತವೆ. ಹಿತ್ತಾಳೆ ನಟ್ ಹಾಕಿಸಿ. ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ. ಕಿತ್ತ ಬೀಡನ್ನು ಮಾತ್ರ ತೂಕಕ್ಕೆ ಹಾಕಬೇಡಿ ಮಾರಾಯ್ರೆ, ಅಂಬಾಸಿಡರ್ ತಯಾರಿಕೆ 2014ಕ್ಕೇ ನಿಂತಿದೆ. ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ, ಅಟ್ಟದ ಮೇಲಿಡಿ. ಜೊತೆಗೆ ಆ ಅಗಲ ವಾಷರ್‌ಗಳನ್ನೂ.