ಫ್ಯಾಟಿ ಲಿವರ್‌ಗೆ ಊಟವೊಂದೇ ಕಾರಣವೇ? ಚೆನ್ನೈನ ನೀರು, ಗಾಳಿ, ಕಸದ ಗುಡ್ಡ ಹೇಳುವುದೇ ಬೇರೆ

ಚೆನ್ನೈ: ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂಬ ಸಾಲು ಈಗ ಯಾರಿಗೂ ಹೊಸದಲ್ಲ. ಅದನ್ನು ನೋಡಿದ ವೈದ್ಯರು ಕೇಳುವ ಪ್ರಶ್ನೆಗಳೂ ಗೊತ್ತಿರುವವೇ. ಕುಡಿಯುತ್ತೀರಾ? ತೂಕ ಎಷ್ಟು? ಶುಗರ್ ಇದೆಯಾ? ವಾಕಿಂಗ್ ಮಾಡುತ್ತೀರಾ? ಎಲ್ಲವೂ ಸರಿಯಾದ ಪ್ರಶ್ನೆಗಳೇ. ಆದರೆ ಎಲ್ಲಿ ಕೆಲಸ ಮಾಡುತ್ತೀರಿ, ಮನೆಗೆ ಯಾವ ನೀರು ಬರುತ್ತದೆ, ಹತ್ತಿರದಲ್ಲಿ ಕಾರ್ಖಾನೆಯೋ ಕಸದ ಗುಡ್ಡವೋ ಇದೆಯೇ ಎಂದು ಕೇಳುವುದು ಅಪರೂಪ. ಚೆನ್ನೈನಲ್ಲಂತೂ ಈ ಪ್ರಶ್ನೆಗಳನ್ನು ಕೇಳಲು ಸಾಕಷ್ಟು ಕಾರಣಗಳಿವೆ.

ಮಧುಮೇಹ ಸಂಶೋಧನೆಗೆ ಹೆಸರಾದ ನಗರವಿದು. ಡಾ. ವಿ. ಮೋಹನ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದ ಚೆನ್ನೈ ನಿವಾಸಿಗಳ ಪೈಕಿ ಶೇ 32ರಷ್ಟು ಮಂದಿಗೆ ಮದ್ಯಪಾನಕ್ಕೆ ಸಂಬಂಧಿಸದ ಫ್ಯಾಟಿ ಲಿವರ್ ಕಂಡುಬಂದಿತ್ತು. ಮಧುಮೇಹಿಗಳಲ್ಲಿ ಆ ಪ್ರಮಾಣ ಶೇ 54 ದಾಟಿತ್ತು. ಅನ್ನ, ಸಕ್ಕರೆ, ಎಣ್ಣೆ ತಿಂಡಿ, ಕುಳಿತೇ ಮಾಡುವ ಕೆಲಸ ಇದಕ್ಕೆ ದೊಡ್ಡ ಕಾರಣಗಳು, ಅದರಲ್ಲಿ ಅನುಮಾನವಿಲ್ಲ. ಆದರೆ ತೆಳ್ಳಗಿರುವವರಿಗೂ, ಗ್ಲಾಸ್ ಮುಟ್ಟದವರಿಗೂ ಇದು ಬರುತ್ತದೆ. ಆಗ 'ಜೀವನಶೈಲಿಯ ಕಾಯಿಲೆ' ಎಂಬ ಮಾತು ಅರ್ಧ ಉತ್ತರವಷ್ಟೇ ಆಗುತ್ತದೆ.

ಉಳಿದರ್ಧ ಉತ್ತರದ ಸುಳಿವು ಸಿಕ್ಕಿದ್ದು ಅಮೆರಿಕದ ಕೆಂಟಕಿಯಲ್ಲಿ. ಪಿವಿಸಿ ಪೈಪ್ ತಯಾರಿಕೆಗೆ ಬೇಕಾದ ವಿನೈಲ್ ಕ್ಲೋರೈಡ್‌ಗೆ ವರ್ಷಗಟ್ಟಲೆ ಮೈಯೊಡ್ಡಿದ್ದ 25 ಕಾರ್ಮಿಕರ ಲಿವರ್ ತುಣುಕುಗಳನ್ನು ಲೂಯಿವಿಲ್‌ನ ವೈದ್ಯರು ಪರೀಕ್ಷಿಸಿದರು. ಯಾರಿಗೂ ಬೊಜ್ಜು ಇರಲಿಲ್ಲ. ಆದರೂ ಶೇ 80ರಷ್ಟು ಮಂದಿಯ ಲಿವರ್‌ನಲ್ಲಿ ಕೊಬ್ಬು ತುಂಬಿ ಉರಿಯೂತ ಶುರುವಾಗಿತ್ತು. 2010ರಲ್ಲಿ ಪ್ರಕಟವಾದ ಈ ವರದಿ, ವಿಷವಸ್ತುಗಳಿಂದ ಬರುವ ಈ ಬಗೆಯ ಫ್ಯಾಟಿ ಲಿವರ್‌ಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಸಣ್ಣ ಗುಂಪು, ವಿಪರೀತ ಪ್ರಮಾಣದ ರಾಸಾಯನಿಕ ಎಂಬುದನ್ನು ಮರೆಯುವಂತಿಲ್ಲ. ಹಾಗಿದ್ದರೂ ಕೊಬ್ಬು ಹೊಟ್ಟೆಯ ದಾರಿಯಿಂದಲೇ ಲಿವರ್ ಸೇರಬೇಕೆಂದೇನೂ ಇಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಇದರ ಹಿಂದಿನ ಲೆಕ್ಕ ತೀರಾ ಕಷ್ಟದ್ದಲ್ಲ. ದೇಹದೊಳಗೆ ಬಂದ ವಿಷವನ್ನು ಒಡೆದು ಹೊರಹಾಕುವುದು ಲಿವರ್‌ನ ಕೆಲಸ. ಕೊಬ್ಬನ್ನು ತಯಾರಿಸುವುದು, ಉರಿಸುವುದು, ರಕ್ತಕ್ಕೆ ಕಳಿಸುವುದೂ ಅದರದ್ದೇ. ಕೆಲವು ರಾಸಾಯನಿಕಗಳು ಕೊಬ್ಬು ಉರಿಸುವ ಮೈಟೊಕಾಂಡ್ರಿಯಾಗಳನ್ನೇ ಕೆಡಿಸುತ್ತವೆ. ಪಿಎಫ್‌ಎಎಸ್ ಎಂಬ ಗುಂಪಿನವು ನೋಡಲು ಕೊಬ್ಬಿನ ಆಮ್ಲಗಳಂತೆಯೇ ಇದ್ದು, ಲಿವರ್‌ನ ಲೆಕ್ಕಾಚಾರವನ್ನೇ ದಾರಿ ತಪ್ಪಿಸುತ್ತವೆ. ನಾನ್‌ಸ್ಟಿಕ್ ಪಾತ್ರೆ, ಮಳೆಗೆ ನೆನೆಯದ ಬಟ್ಟೆ, ಬೆಂಕಿ ಆರಿಸುವ ನೊರೆಯಲ್ಲಿ ಬಳಸುವ ಇವು ಬೇಗ ಕೊಳೆಯುವುದಿಲ್ಲ. ದೇಹ ಹೊಕ್ಕರೆ ವರ್ಷಗಟ್ಟಲೆ ಉಳಿಯುತ್ತವೆ.

ಚೆನ್ನೈನ ನೀರಿನಲ್ಲಿ ಇವೇ ಪತ್ತೆಯಾಗಿವೆ. ಅಡಯಾರ್ ನದಿ, ಬಕಿಂಗ್‌ಹ್ಯಾಮ್ ಕಾಲುವೆ, ನಗರಕ್ಕೆ ಕುಡಿಯುವ ನೀರು ಕೊಡುವ ಚೆಂಬರಂಬಾಕ್ಕಂ ಕೆರೆ, ಪೆರುಂಗುಡಿ ಕಸದ ಗುಡ್ಡದ ಸುತ್ತಲಿನ ಅಂತರ್ಜಲ ಎಲ್ಲದರಲ್ಲೂ ಪಿಎಫ್‌ಎಎಸ್ ಇರುವುದನ್ನು ಐಐಟಿ ಮದ್ರಾಸ್ ಸಂಶೋಧಕರು ಗುರುತಿಸಿದ ಸುದ್ದಿ 2024ರಲ್ಲಿ ಹೊರಬಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕ ಈ ಗುಂಪಿನ ಎರಡು ಪ್ರಮುಖ ರಾಸಾಯನಿಕಗಳಿಗೆ ಲೀಟರ್ ನೀರಿಗೆ 4 ನ್ಯಾನೊಗ್ರಾಂ ಎಂಬ ಮಿತಿ ಹಾಕಿತು. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಇವುಗಳಿಗೆ ಮಿತಿಯೇ ಇಲ್ಲ. ನೀರು ಕುದಿಸಿದರೆ ಇವು ಹೋಗುವುದಿಲ್ಲ. ಆರ್‌ಒ ಯಂತ್ರ ಬಹುಮಟ್ಟಿಗೆ ತಡೆಯುತ್ತದೆ, ಕೊಳ್ಳಲು ಶಕ್ತಿಯಿದ್ದವರಿಗೆ.

ಪೆರುಂಗುಡಿಯ ಕಥೆ ಇನ್ನೂ ಹಳೆಯದು. ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ಗಳು ಕೊಬ್ಬಿನಲ್ಲಿ ಕೂತುಬಿಡುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇವು ಲಿವರ್‌ನಲ್ಲಿ ಕೊಬ್ಬು ಶೇಖರಣೆಗೆ ಕಾರಣವಾಗಿವೆ. ಏಷ್ಯಾದ ಹಲವು ಕಸದ ತಾಣಗಳ ಸುತ್ತ ಜಪಾನಿ ಸಂಶೋಧಕರ ತಂಡ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೆರುಂಗುಡಿ ಬಳಿಯ ತಾಯಂದಿರ ಎದೆಹಾಲಿನಲ್ಲಿ ಡಯಾಕ್ಸಿನ್ ಪ್ರಮಾಣ ಬೇರೆಡೆಯ ತಾಯಂದಿರಿಗಿಂತ ಹೆಚ್ಚಿತ್ತು. ಅದು ಅವರಿಗೆ ಬಂದ ದಾರಿ ಯಾವುದಿರಬಹುದು? ಸಂಶೋಧಕರು ಬೊಟ್ಟು ಮಾಡಿದ್ದು ಆ ಪ್ರದೇಶದ ಹಸುವಿನ ಹಾಲಿನತ್ತ. ಪೌಷ್ಟಿಕವೆಂದು ಬಾಣಂತಿಗೆ ಕೊಡುವ ಹಾಲೇ ಅದು! ಇಲ್ಲಿ ಯಾರ 'ಜೀವನಶೈಲಿ'ಯನ್ನು ದೂರುವುದು?

ಗಾಳಿಯ ಪಾಲೂ ಇದೆ. ಚೆನ್ನೈ ಮತ್ತು ದೆಹಲಿಯ ಸುಮಾರು 12 ಸಾವಿರ ಮಂದಿಯನ್ನು ವರ್ಷಗಳ ಕಾಲ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಪಿಎಂ 2.5 ಕಣಗಳ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 10 ಮೈಕ್ರೊಗ್ರಾಂ ಹೆಚ್ಚಿದ್ದಲ್ಲಿ ಮಧುಮೇಹದ ಅಪಾಯ ಶೇ 22ರಷ್ಟು ಹೆಚ್ಚು ಎಂದಿತು. ಮಧುಮೇಹ ಮತ್ತು ಫ್ಯಾಟಿ ಲಿವರ್ ಒಂದರ ಕೈ ಒಂದು ಹಿಡಿದೇ ಬರುವ ಕಾಯಿಲೆಗಳು.

ಹಾಗೆಂದು ಬೋಂಡಾ ತಿಂದು ಕಾರ್ಖಾನೆಯನ್ನು ಬೈಯುವಂತಿಲ್ಲ. ಮನುಷ್ಯರ ಮೇಲಿನ ಹೆಚ್ಚಿನ ಅಧ್ಯಯನಗಳು ತೋರಿಸುವುದು ನಂಟನ್ನೇ ಹೊರತು ನೇರ ಕಾರಣವನ್ನಲ್ಲ. ಮೊದಲೇ ಶುಗರ್, ಬೊಜ್ಜಿನಿಂದ ದಣಿದ ಲಿವರ್‌ಗೆ ರಾಸಾಯನಿಕದ ಹೊರೆ ಇನ್ನೊಂದು ಏಟು ಎಂದು ನೋಡುವುದು ಸರಿಯಾದೀತು.

ನಿಜವಾದ ಕೊರತೆ ಇರುವುದು ಅಳೆಯುವುದರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಜನರ ರಕ್ತ, ಮೂತ್ರದಲ್ಲಿನ ರಾಸಾಯನಿಕಗಳನ್ನೂ ಅವರ ಲಿವರ್‌ನ ಸ್ಥಿತಿಯನ್ನೂ ಅಳೆಯುತ್ತಾರೆ. ಡ್ರೈಕ್ಲೀನಿಂಗ್‌ಗೆ ಬಳಸುವ ಟೆಟ್ರಾಕ್ಲೋರೋಎಥಿಲೀನ್ ರಕ್ತದಲ್ಲಿ ಇದ್ದವರಿಗೆ ಲಿವರ್ ಗಟ್ಟಿಯಾಗುವ ಅಪಾಯ ಸುಮಾರು ಮೂರು ಪಟ್ಟು ಎಂಬ ನಂಟು 2025ರಲ್ಲಿ ಹೊರಬಂದಿದ್ದು ಆ ದತ್ತಾಂಶದಿಂದಲೇ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎತ್ತರ, ತೂಕ, ಬಿಪಿ, ಶುಗರ್ ನೋಡುತ್ತದೆ, ಇದನ್ನು ನೋಡುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರ್ ಅನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಅದರ ಒತ್ತು ಜೀವನಶೈಲಿಯ ಮೇಲೆ. ನೀರು, ಗಾಳಿ, ಕಸದ ಹೊಣೆ ಇನ್ನೊಂದು ಇಲಾಖೆಯದ್ದು.

ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಂದ ತಿದ್ದುಪಡಿಯು ಅಪಾಯಕಾರಿ ಘಟಕಗಳ ಕಾರ್ಮಿಕರಿಗೆ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿತು. ಆ ರಕ್ಷಣೆ ಕಾಂಪೌಂಡ್ ಗೋಡೆಯ ಒಳಗಿನವರಿಗೆ. ಗೋಡೆಯಾಚೆ ಮಣಲಿ, ಎಣ್ಣೂರಿನಲ್ಲಿ, ಪೆರುಂಗುಡಿ ಗುಡ್ಡದ ಅಂಚಿನಲ್ಲಿ ಅದೇ ಗಾಳಿ ಕುಡಿಯುವವರ ತಪಾಸಣೆಯನ್ನು ಆ ತಿದ್ದುಪಡಿ ಯಾರಿಗೂ ವಹಿಸಿಲ್ಲ.