ಕೈತಪ್ಪಿದ ಚೆಂಡಿಗೆ ಹೊಣೆ ಯಾರು, ಪೆಲಿಂಕಾ ಅವರೇ?

ಶ್ರೀ ರಾಬ್ ಪೆಲಿಂಕಾ ಅವರಿಗೆ,
ಜನರಲ್ ಮ್ಯಾನೇಜರ್, ಲಾಸ್ ಏಂಜಲೀಸ್ ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡ



ಎದುರಾಳಿ ತಂಡ ಮೂರು ಪಾಯಿಂಟಿನ ಗೆರೆಯಾಚೆಯಿಂದ 47 ಸಲ ಎಸೆದು 40 ಸಲ ತಪ್ಪಿದರೆ ಪಂದ್ಯ ಯಾರದ್ದು? ನಮ್ಮೂರಿನ ಯಾವ ಪಿ.ಟಿ. ಮೇಷ್ಟ್ರನ್ನು ಕೇಳಿದರೂ ನಿಮ್ಮದೇ ಎನ್ನುತ್ತಾರೆ. 2025ರ ಏಪ್ರಿಲ್ 30ರ ರಾತ್ರಿ, ನಿಮ್ಮದೇ ಅಂಗಳದಲ್ಲಿ ಮಿನೆಸೋಟಾ ಟಿಂಬರ್‌ವುಲ್ವ್ಸ್ ಹೀಗೆಯೇ ಎಸೆದರು, ಹೀಗೆಯೇ ತಪ್ಪಿದರು, ಆದರೂ 103-96ರಲ್ಲಿ ಗೆದ್ದು ಸರಣಿಯನ್ನು 4-1ಕ್ಕೆ ಮುಗಿಸಿ ಹೋದರು. ನಮಗಿಲ್ಲಿ ಬೆಂಗಳೂರಿನಲ್ಲಿ ಆಗ ಮೇ ಒಂದರ ಬೆಳಗ್ಗೆ, ಕಾರ್ಮಿಕರ ದಿನದ ರಜೆ. ರಜೆಯಿಲ್ಲದೆ ದುಡಿದವನು ಅವರ ಸೆಂಟರ್ ರೂಡಿ ಗೋಬೇರ್: 27 ಪಾಯಿಂಟು, 24 ರಿಬೌಂಡು.

ಸೋತ ಮೇಲೆ ಎಂದಿನ ಮಾತುಗಳು ಶುರುವಾದವು. ತಪ್ಪಿದ ಚೆಂಡನ್ನು ಹಿಡಿಯುವ ರಿಬೌಂಡ್ ಎಂದರೆ ಛಲ, ಹಸಿವು, ಮೈಮುರಿದು ದುಡಿಯುವ ಮನಸ್ಸು; ಅದು ಲೇಕರ್ಸ್ ಹುಡುಗರಲ್ಲಿ ಇರಲಿಲ್ಲವಂತೆ. ಕೇಳಲು ಚೆನ್ನಾಗಿದೆ. ನಿಮಗಂತೂ ಬಹಳ ಅನುಕೂಲವಾದ ವಿವರಣೆ, ಏಕೆಂದರೆ ಛಲದ ಕೊರತೆಗೆ ಮ್ಯಾನೇಜರ್ ಉತ್ತರ ಹೇಳಬೇಕಾಗಿಲ್ಲ. ಆದರೆ ಅಂಗಳದಲ್ಲಿ ಆದದ್ದೇ ಬೇರೆ.

ಮಿನೆಸೋಟಾದ ಆಂಥನಿ ಎಡ್ವರ್ಡ್ಸ್ ಚೆಂಡು ತಟ್ಟುತ್ತಾ ಬರುತ್ತಾನೆ. ಗೋಬೇರ್ ಮುಂದೆ ಬಂದು ಕಾಯುವವನಿಗೆ ಅಡ್ಡ ನಿಂತು ಸ್ಕ್ರೀನ್ ಹಾಕುತ್ತಾನೆ. ಸೆಂಟರ್ ಇಲ್ಲದ ತಂಡಕ್ಕೆ ಉಳಿದಿರುವ ದಾರಿ ಒಂದೇ, ಕಾಯುವವರು ಪರಸ್ಪರ ಆಳು ಬದಲಿಸಿಕೊಳ್ಳುವುದು. ಬದಲಿಸಿಕೊಂಡ ಕೂಡಲೇ ನಿಮ್ಮಲ್ಲಿದ್ದ ಎತ್ತರದವನು ಎಡ್ವರ್ಡ್ಸ್‌ನ ಹಿಂದೆ ಹೊರಗೆಳೆಯಲ್ಪಡುತ್ತಾನೆ. ರಿಂಗಿನ ಕೆಳಗೆ ಏಳಡಿ ಒಂದಿಂಚಿನ ಗೋಬೇರ್‌ಗೆ ಬೆನ್ನು ಕೊಟ್ಟು ನಿಲ್ಲಬೇಕಾದವನು ನಿಮ್ಮ ಗಾರ್ಡ್ ಆಸ್ಟಿನ್ ರೀವ್ಸ್. ಅವನು ಬಾಕ್ಸ್ ಔಟ್ ಮಾಡಲಿಲ್ಲವೆಂದು ಬೈಯುವವರು ಒಮ್ಮೆ ಆ ಜಾಗದಲ್ಲಿ ನಿಂತು ನೋಡಬೇಕು. ಮೂರು ಪಾಯಿಂಟಿನ ಶಾಟ್ ತಪ್ಪಿದರೆ ಚೆಂಡು ದೂರ ಪುಟಿಯುತ್ತದೆ, ಆಗ ಗಾರ್ಡ್‌ಗಳೂ ಒಳಗೆ ಓಡಿ ಹಿಡಿಯಬೇಕು. ಆದರೆ ಗಾರ್ಡ್ ಆಗಲೇ ದೈತ್ಯನೊಬ್ಬನನ್ನು ತಡೆಯುವುದರಲ್ಲಿ ಮುಳುಗಿದ್ದಾನೆ. ಆ ಚೆಂಡು ಎದುರಾಳಿಗೆ ಸಿಕ್ಕಿತೋ, ಶಾಟ್ ಗಡಿಯಾರ ಮತ್ತೆ 14 ಸೆಕೆಂಡಿಗೆ ಏರುತ್ತದೆ, ಅಷ್ಟೂ ಹೊತ್ತು ಚೆನ್ನಾಗಿ ಕಾದದ್ದು ನೀರುಪಾಲು. ಮೇಟಿಯಿಲ್ಲದ ಕಣದಲ್ಲಿ ಎತ್ತು ಸುತ್ತಲಿಲ್ಲವೆಂದು ಎತ್ತಿಗೆ ಹೊಡೆದರೆ ಏನು ಬಂತು?

ದಣಿವಿನ ಮಾತನ್ನೂ ಹೇಳಿಬಿಡುತ್ತೇನೆ. ಈ ಸೋಲಿನ ಹಿಂದಿನ ಪಂದ್ಯದಲ್ಲಿ ಕೋಚ್ ಜೆಜೆ ರೆಡಿಕ್ ಇಡೀ ದ್ವಿತೀಯಾರ್ಧ ಒಬ್ಬನನ್ನೂ ಬದಲಿಸದೆ ಅದೇ ಐವರನ್ನು ಆಡಿಸಿದರು. ಅವರಲ್ಲೊಬ್ಬ ನಲವತ್ತು ದಾಟಿದ ಲೆಬ್ರಾನ್ ಜೇಮ್ಸ್. ಕೊನೆಯ ಕ್ವಾರ್ಟರ್ ಶುರುವಾದಾಗ 94-84ರಿಂದ ಮುಂದಿದ್ದ ತಂಡ 116-113ಕ್ಕೆ ಸೋತಿತು. ರೆಡಿಕ್ ಮಾಡಿದ್ದು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಬೆಂಚಿನತ್ತ ತಿರುಗಿ ನೋಡಿದರೆ ಅಲ್ಲಿ ಅವರು ನಂಬುವಂಥ ಒಬ್ಬ ಸೆಂಟರ್ ಕೂತಿರಲಿಲ್ಲ. ಬೆಂಚು ತುಂಬಿಸುವುದು ಯಾರ ಕೆಲಸ?

ಈಗ ಆ ವರ್ಷದ ಫೆಬ್ರವರಿಗೆ ಬರೋಣ. ಲೂಕಾ ಡಾನ್ಚಿಚ್‌ಗಾಗಿ ಆಂಥನಿ ಡೇವಿಸ್‌ನನ್ನು ಡಲ್ಲಾಸ್‌ಗೆ ಕೊಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಇಪ್ಪತ್ತೈದರ ಹರೆಯದ ಅಂಥ ಆಟಗಾರ ಸಿಗುವಾಗ ಯಾರೂ ಬಿಡುವುದಿಲ್ಲ. ಆದರೆ ಅದಕ್ಕೆ ಕೆಲವೇ ದಿನ ಮೊದಲು ಅದೇ ಡೇವಿಸ್, ತಂಡಕ್ಕೆ ಇನ್ನೊಬ್ಬ ಎತ್ತರದವನು ಬೇಕು ಎಂದು ಬಹಿರಂಗವಾಗಿಯೇ ಕೇಳಿದ್ದ. ಡೇವಿಸ್ ಇದ್ದಾಗಲೇ ಇದ್ದ ಕೊರತೆಯದು. ಕೇಳಿದವನನ್ನೇ ನೀವು ಕಳಿಸಿದಿರಿ. ಷಾರ್ಲಟ್‌ನಿಂದ ಸೆಂಟರ್ ಮಾರ್ಕ್ ವಿಲಿಯಮ್ಸ್‌ನನ್ನು ತರಲು ಹೊರಟಿರಿ, ವೈದ್ಯಕೀಯ ಪರೀಕ್ಷೆಯ ನಂತರ ಆ ಒಪ್ಪಂದವನ್ನೂ ರದ್ದು ಮಾಡಿದಿರಿ. ಅಷ್ಟರಲ್ಲಿ ಆಟಗಾರರ ವಿನಿಮಯದ ಗಡುವು ಮುಗಿದಿತ್ತು. ಎರಡನೆಯ ಹೆಸರೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ಇಂಥ ವ್ಯವಹಾರಕ್ಕೆ ಇಳಿದದ್ದನ್ನು ದುರದೃಷ್ಟ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಲೇಕರ್ಸ್ ಎಂದರೆ ಮಿಕನ್, ಚೇಂಬರ್ಲಿನ್, ಕರೀಮ್, ಶಕೀಲ್ ಅವರಂಥ ಸೆಂಟರ್‌ಗಳು ಆಡಿದ ತಂಡ. ಲೇಕರ್ಸ್ ಮಿನಿಯಾಪೊಲಿಸ್‌ನಲ್ಲಿದ್ದ ಕಾಲದ ಜಾರ್ಜ್ ಮಿಕನ್ ಪ್ರತಿಮೆ ಈಗ ಟಾರ್ಗೆಟ್ ಸೆಂಟರ್‌ನಲ್ಲಿದೆ, ಅಂದರೆ ನಿಮ್ಮನ್ನು ಸೋಲಿಸಿದವರ ಮನೆಯಲ್ಲಿ. ನಿಮ್ಮ ಸೆಂಟರೂ ಅವರ ಕಡೆಯೇ ಇದ್ದ ಎನ್ನಬಹುದು.

ರಿಬೌಂಡಿನ ಬೆಲೆ ನಿಮಗೆ ಗೊತ್ತಿಲ್ಲವೆಂದಾದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ನೀವಿದ್ದ ಮಿಷಿಗನ್ ವಿಶ್ವವಿದ್ಯಾಲಯದ ತಂಡ 1989ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಇಲಿನಾಯ್ ವಿರುದ್ಧದ ಸೆಮಿಫೈನಲ್ಲನ್ನು ದಾಟಿಸಿದ್ದು ಏನು? ಕೊನೆಯ ಕ್ಷಣದಲ್ಲಿ ಸಂಗಾತಿಯ ಶಾಟ್ ತಪ್ಪಿದಾಗ ಶಾನ್ ಹಿಗ್ಗಿನ್ಸ್ ಹಿಡಿದು ಮತ್ತೆ ಹಾಕಿದ ಚೆಂಡು. ಬಾಸ್ಟನ್ ವಿರುದ್ಧದ 2010ರ ಫೈನಲ್ಸ್‌ನ ಏಳನೆಯ ಪಂದ್ಯ ನೆನಪಿರಲೇಬೇಕು. ನೀವಾಗ ಲೇಕರ್ಸ್‌ನ ಕೋಬಿ ಬ್ರಯಂಟ್‌ರ ಏಜೆಂಟ್. ಕೋಬಿ 24 ಸಲ ಎಸೆದು 6 ಸಲ ಮಾತ್ರ ಹಾಕಿದರು. ಆದರೆ 15 ರಿಬೌಂಡ್ ಹಿಡಿದರು, ಪೌ ಗಸೋಲ್ 18 ಹಿಡಿದರು, ತಮ್ಮವರೇ ತಪ್ಪಿಸಿದ 23 ಚೆಂಡುಗಳನ್ನು ಲೇಕರ್ಸ್ ವಾಪಸು ಗಳಿಸಿತು. ಸ್ಕೋರು 83-79. ಅಂದು ಬಾಸ್ಟನ್‌ನ ಸೆಂಟರ್ ಕೆಂಡ್ರಿಕ್ ಪರ್ಕಿನ್ಸ್ ಮೊಣಕಾಲಿನ ಗಾಯದಿಂದ ಆಡಲಿಲ್ಲ. ಸೆಂಟರ್ ಇಲ್ಲದ ತಂಡಕ್ಕೆ ಏನಾಗುತ್ತದೆಂದು ಗೆದ್ದವರ ಕಡೆ ಕೂತು ಕಂಡವರು ನೀವು. ಹದಿನೈದು ವರ್ಷದ ಮೇಲೆ ಬಾಸ್ಟನ್‌ನ ಆ ಪಾತ್ರವನ್ನು ನಿಮ್ಮ ತಂಡಕ್ಕೆ ನೀವೇ ಹಂಚಿದಿರಿ.

2025ರ ಜುಲೈನಲ್ಲಿ ಸೆಂಟರ್ ಡಿಆಂಡ್ರೆ ಏಟನ್‌ನನ್ನು ಕರೆತಂದಿರಿ, ಒಳ್ಳೆಯದು. ಅದೇ ತಿಂಗಳು ಡೋರಿಯನ್ ಫಿನ್ನಿ-ಸ್ಮಿತ್ ಹ್ಯೂಸ್ಟನ್‌ಗೆ ಹೋದ. ತನಗಿಂತ ಎತ್ತರದವರಿಗೆ ಬೆನ್ನು ಕೊಟ್ಟು ನಿಲ್ಲಲು ಹಿಂಜರಿಯದ ಆಳು. ಹೋದದ್ದಾದರೂ ಎಲ್ಲಿಗೆ? ಸ್ಟೀವನ್ ಆಡಮ್ಸ್ ಮತ್ತು ಶೆಂಗುನ್ ಎಂಬ ಇಬ್ಬರು ಸೆಂಟರ್‌ಗಳನ್ನೂ ಒಟ್ಟಿಗೆ ಇಳಿಸಿ ತಮ್ಮವರು ತಪ್ಪಿಸಿದ ಚೆಂಡನ್ನು ಬಾಚಿಕೊಳ್ಳುತ್ತಿದ್ದ ತಂಡಕ್ಕೆ. ಅವರು ಒಬ್ಬನ ಜೊತೆಗೆ ಇನ್ನೊಬ್ಬ ಸೆಂಟರ್‌ನನ್ನೂ ಇಟ್ಟುಕೊಂಡಿದ್ದರು. ನಿಮ್ಮಲ್ಲಿ ಏಟನ್‌ಗೆ ಕಾಲು ಉಳುಕಿದ್ದರೆ ಉಳಿಯುತ್ತಿದ್ದವನು ಏಪ್ರಿಲ್‌ನಲ್ಲಿ ಬೆಂಚಿಗೆ ಸರಿದ ಸೆಂಟರ್ ಜಾಕ್ಸನ್ ಹೇಯ್ಸ್.

ಸಾವಿರ ಕೋಟಿ ಡಾಲರ್ ಬೆಲೆ ಕಟ್ಟಿ ಕೊಂಡವರಿರುವ ತಂಡಕ್ಕೆ ಹಣದ ಅಡಚಣೆ ಇದೆಯೆಂದು ಯಾರೂ ನಂಬುವುದಿಲ್ಲ. ಮೈಕೊಟ್ಟು ಆಡುವ ಇನ್ನೊಬ್ಬ ಸೆಂಟರ್‌ನನ್ನು ತನ್ನಿ, ಮತ್ತೊಂದು ಫೆಬ್ರವರಿಯ ಗಡುವಿನ ತನಕ ಕಾಯಬೇಡಿ. ಅದು ಆಗದಿದ್ದರೆ, ಮುಂದಿನ ಸೋಲಿನ ಪತ್ರಿಕಾಗೋಷ್ಠಿಗೆ ರೆಡಿಕ್‌ರನ್ನಾಗಲಿ ಆಟಗಾರರನ್ನಾಗಲಿ ಮುಂದೆ ಕಳಿಸದೆ ಮೈಕಿನ ಮುಂದೆ ನೀವೇ ಬಂದು ಕೂರಿ.

ಇಂತಿ,
ಬೆಂಗಳೂರಿನ ಒಬ್ಬ ಲೇಕರ್ಸ್ ಅಭಿಮಾನಿ